ಕಾಲು ಬೆಚ್ಚಗಾಗುವವರೆಗೆ

ಕರಿ ಚೇಳನ್ನು ಕಂಡರೆ ಜನ ಓಡುತ್ತಾರೆ. ಅಂಗೈಯಷ್ಟು ದೊಡ್ಡದು, ಕೊಂಡಿ ಎತ್ತಿಕೊಂಡು ಬರುತ್ತದೆ. ಅದು ಕಡಿದರೆ ಉರಿಯುತ್ತದೆ, ಬಾತುಕೊಳ್ಳುತ್ತದೆ, ಒಂದು ದಿನಕ್ಕೆ ಇಳಿಯುತ್ತದೆ. ಕೊಲ್ಲುವುದು ಕೆಂಚೇಳು. ಕಿರುಬೆರಳಿನಷ್ಟು ಇರುತ್ತದೆ, ಒಣ ಹುಲ್ಲಿನ ಬಣ್ಣ. ಅದನ್ನು ಚಪ್ಪಲಿಯಲ್ಲಿ ಒರೆಸಿ ಹಾಕಿ ಮತ್ತೆ ಕೆಲಸಕ್ಕೆ ನಿಂತವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರನ್ನು ಅದೇ ದಿನ ನಮ್ಮ ದವಾಖಾನೆಗೆ ಹೊತ್ತು ತಂದದ್ದನ್ನೂ ನೋಡಿದ್ದೇನೆ.

ದವಾಖಾನೆ ಸುರಪುರ ತಾಲೂಕಿನ ಒಂದು ಹಳ್ಳಿಯದು. ಎರಡು ಕೋಣೆ, ಒಂದು ಪಡಸಾಲೆ, ನಾಲ್ಕು ಕಬ್ಬಿಣದ ಮಂಚ. ಕಸ ಹೊಡೆಯುವುದು, ಸೂಜಿ ಕುದಿಸುವುದು, ಹೆರಿಗೆಗೆ ಬಂದವರ ಕೈ ಹಿಡಿಯುವುದು, ಸತ್ತವರ ಕಾಲ್ಬೆರಳು ಕಟ್ಟುವುದು ನನ್ನ ಕೆಲಸ. ಓದಿದ್ದು ಹೆಸರು ಬರೆಯುವಷ್ಟು, ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟು. ಉಳಿದದ್ದನ್ನು ದವಾಖಾನೆಯಲ್ಲೇ ಕಲಿತೆ.

ಕೆನಾಲು ನಮ್ಮ ಕಡೆ ಬರುತ್ತಿದ್ದ ವರ್ಷಗಳು ಅವು. ದೊಡ್ಡ ಕಾಲುವೆಗೆ ನೀರು ಬಂದಿತ್ತು. ಹೊಲಗಳಿಗೆ ಹೋಗುವ ಸಣ್ಣ ಕಾಲುವೆಗಳನ್ನು ಇನ್ನೂ ಅಗೆಯುತ್ತಿದ್ದರು. ಗರಸು ಮಣ್ಣು ಅಗೆದರೆ ಚೇಳು, ಕಲ್ಲು ಎತ್ತಿದರೆ ಚೇಳು. ನೀರು ಬಿಟ್ಟ ಕಡೆ ಹೊಲದ ಬಿರುಕುಗಳಲ್ಲಿ ಇದ್ದವೆಲ್ಲ ಎದ್ದು ಒಣ ಜಾಗ ಹುಡುಕಿಕೊಂಡು ದಂಡೆಯ ಕಲ್ಲುಗಳಿಗೆ, ಮನೆಯ ಗೋಡೆಗಳಿಗೆ ಬಂದವು. ನೀರು ಬಂತೆಂದು ಎಲ್ಲರೂ ತೆಂಗಿನಕಾಯಿ ಒಡೆದರು. ಚೇಳು ಬಂದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಂದು ಬೇಸಿಗೆಯ ಶುರುವಿನಲ್ಲಿ ಕಲ್ಲು ಒಡೆಯುವ ಒಬ್ಬ ಗಟ್ಟಿ ಆಳು ಬಂದ. ಪಾದಕ್ಕೆ ಕಡಿದಿತ್ತು. ನಡೆದೇ ಬಂದ. ಬೆವರು ಮಾತ್ರ ಧಾರೆಯಾಗಿ ಇಳಿಯುತ್ತಿತ್ತು, ಅಂಗಿ ಹಿಂಡಬಹುದಿತ್ತು. ಕೈ ಮುಟ್ಟಿದೆ, ನೀರಿನ ಮಡಕೆಯ ತಳ ಮುಟ್ಟಿದ ಹಾಗಿತ್ತು. ಹೊರಗೆ ಬಿಸಿಲಿಗೆ ಮಣ್ಣು ಸುಡುತ್ತಿತ್ತು. ಆಗ ನಮ್ಮಲ್ಲಿದ್ದ ಔಷಧ ಅಂದರೆ ಬೆವರು, ಜೊಲ್ಲು ಒಣಗಿಸುವ ಒಂದು ಇಂಜೆಕ್ಷನ್. ಎಲ್ಲ ಕಡೆ ಅದನ್ನೇ ಕೊಡುತ್ತಿದ್ದರು, ಇಲ್ಲೂ ಕೊಟ್ಟರು. ಬೆವರು ನಿಂತಿತು. ಜೊತೆಗೆ ಬಂದವರು ಸಮಾಧಾನವಾಗಿ ಬೀಡಿ ಹಚ್ಚಿದರು. ಮಧ್ಯಾಹ್ನಕ್ಕೆ ಅವನಿಗೆ ಕೆಮ್ಮು ಹತ್ತಿತು, ಬಾಯಿಗೆ ಕೆಂಪು ಬೆರೆತ ನೊರೆ ಬಂತು. ಹೊತ್ತು ಮುಳುಗುವ ಮುಂಚೆ ನಾನು ಅವನ ಕಾಲ್ಬೆರಳು ಕಟ್ಟಿದೆ.

ಅದಾದ ಕೆಲವು ವಾರಕ್ಕೆ ಡಾಕ್ಟರು ಬದಲಾದರು. ಹೊಸಬರು ಮೈಸೂರು ಕಡೆಯವರು, ಸಣ್ಣ ವಯಸ್ಸು. ನಮ್ಮ ಮಾತು ಅವರಿಗೆ ಬೈದ ಹಾಗೆ ಕೇಳಿಸುತ್ತಿತ್ತು. ಯಾರಾದರೂ "ಬರ್ರಿ ಸಾಹೇಬ್ರ" ಅಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಚೇಳಿನ ಕೇಸು ಎಷ್ಟು ಬರುತ್ತವೆ ಎಂದು ನನ್ನನ್ನೂ ಸಿಸ್ಟರನ್ನೂ ಕೂರಿಸಿ ಕೇಳಿದರು. ಒಣಗಿಸುವ ಇಂಜೆಕ್ಷನ್ನನ್ನು ಚೇಳಿಗೆ ಇನ್ನು ಮುಟ್ಟಬೇಡಿ ಅಂದರು, ಅದು ಮೊದಲೇ ಓಡುವ ಹೃದಯವನ್ನು ಇನ್ನೂ ಓಡಿಸುತ್ತದೆ ಅಂದರು. ಆಮೇಲೆ ಶಹಾಪುರಕ್ಕೆ ಹೋಗಿ ಒಂದು ಡಬ್ಬಿ ಸಣ್ಣ ಗುಳಿಗೆ ತಂದರು.

ಸಿಸ್ಟರ್ ಚೀಟಿ ಓದಿ ನಕ್ಕರು. "ಇದು ಬಿಪಿ ಗುಳಿಗಿ ಅಲ್ಲೇನ್ರಿ ಸಾಹೇಬ್ರ. ಚೇಳಿಗೇನ್ ಬಿಪಿ ಅದ?"

"ಚೇಳಿಗಿಲ್ಲ ಸಿಸ್ಟರ್. ಕಡಿಸಿಕೊಂಡವರಿಗೆ ಬರುತ್ತೆ" ಅಂದರು ಡಾಕ್ಟರು.

ಆ ಗುಳಿಗೆಯಿಂದ ಇಬ್ಬರು ಆಳುಗಳು ಉಳಿದರು. ಇಬ್ಬರೂ ದೊಡ್ಡವರು. ಮಗುವಿಗೆ ಕೊಟ್ಟು ನೋಡಿರಲಿಲ್ಲ.

ಕಾಲುವೆಯ ದಂಡೆಗೆ ಹತ್ತಿದ ಒಂದು ಹೊಲದಲ್ಲಿ ಆ ದಿನಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಕುರಿಯವರು ಬಲೆಯ ದೊಡ್ಡಿ ಹಾಕುತ್ತಾರೆ, ಬಲೆಯ ಅಂಚು ಏಳದ ಹಾಗೆ ಕಲ್ಲು ಹೇರುತ್ತಾರೆ. ಕಲ್ಲಿಗೇನು ಬರ, ದಂಡೆಗೆ ಹಾಸಲು ತಂದ ರಾಶಿ ಅಲ್ಲೇ ಇತ್ತು. ಮುಂಜಾನೆ ಕುರಿ ಬಿಡುವ ಹೊತ್ತಿಗೆ ಆ ಕುರಿಯವರ ಆರು ವರ್ಷದ ಹುಡುಗಿ ಬಲೆಯ ಮೇಲಿನ ಕಲ್ಲು ತೆಗೆಯಲು ಓಡಿದಳು. ಕಲ್ಲಿನ ಕೆಳಗೆ ಕೈ ಹಾಕಿದಳು.

ಕೆನಾಲು ಕೆಲಸದ ಟ್ರ್ಯಾಕ್ಟರ್ ಮೇಲೆ ತಂದರು. ಅಪ್ಪ ಮುಂದೆ ನಿಂತಿದ್ದ. ಹಿಂದೆ ಟ್ರೇಲರಿನಲ್ಲಿ ಅಜ್ಜಿ, ಎಪ್ಪತ್ತರ ಹತ್ತಿರದ ಮುದುಕಿ, ಹುಡುಗಿಯನ್ನು ಎದೆಗೆ ಆನಿಸಿ ಕೂರಿಸಿಕೊಂಡಿದ್ದಳು. ಹುಡುಗಿಯ ಹಣೆಗೆ ಬೀರಪ್ಪ ದೇವರ ಭಂಡಾರ ಬಳಿದಿದ್ದರು. ಬೆವರಿಗೆ ಅದು ಕರಗಿ ಮೂಗಿನ ಮೇಲೆ ಹಳದಿ ಇಳಿದಿತ್ತು. ದಾರಿಯುದ್ದಕ್ಕೂ ಮುದುಕಿ ಅವಳ ಕೆನ್ನೆ ತಟ್ಟುತ್ತಾ ಬಂದಿದ್ದಳು.

ನಮ್ಮ ಕಡೆ ಇದೊಂದು ರೂಢಿ. ಹಾವು, ಚೇಳು ಕಡಿದವರನ್ನು ಮಲಗಿಸುವುದಿಲ್ಲ. ಮಲಗಿದರೆ ವಿಷ ನೆತ್ತಿಗೆ ಏರುತ್ತದೆ ಅನ್ನುತ್ತಾರೆ. ಕೂರಿಸಿಯೇ ಇರಬೇಕು, ಕಣ್ಣು ಮುಚ್ಚಲು ಬಿಡಬಾರದು. ನನ್ನ ಅವ್ವನೂ ಅದನ್ನೇ ಮಾಡುತ್ತಿದ್ದಳು.

ನಾನು ಹುಡುಗಿಯನ್ನು ಎತ್ತಿಕೊಂಡೆ. ಒದ್ದೆ ಬಟ್ಟೆ ಎತ್ತಿದ ಹಾಗಿತ್ತು. ಮಾತಿಲ್ಲ, ಅಳುವಿಲ್ಲ, ಕಣ್ಣು ಮಾತ್ರ ದೊಡ್ಡದಾಗಿತ್ತು. ಅಪ್ಪ ಒಂದು ಎಣ್ಣೆ ಡಬ್ಬಿ ತೆಗೆದು ತೋರಿಸಿದ. ಒಳಗೆ ಜಜ್ಜಿದ ಚೇಳು ಇತ್ತು. ಕೆಂಚೇಳು.

ಡಾಕ್ಟರು ಡಬ್ಬಿಯೊಳಗೆ ನೋಡಿದರು, ಆಮೇಲೆ ಹುಡುಗಿಯ ಕಾಲು ಮುಟ್ಟಿದರು. ಮೊಣಕಾಲಿನವರೆಗೆ ತಣ್ಣಗಿತ್ತು. ಎದೆಗೆ ಕಿವಿ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬಿಪಿ ನೋಡಲು ಮಗುವಿನ ತೋಳಿಗೆ ಆಗುವ ಪಟ್ಟಿ ನಮ್ಮಲ್ಲಿರಲಿಲ್ಲ, ದೊಡ್ಡವರದು ಅವಳಿಗೆ ಭುಜದಿಂದ ಮೊಣಕೈವರೆಗೆ ಸುತ್ತುತ್ತಿತ್ತು.

"ಇವಳ ಕೈಕಾಲೇ ನಮಗೆ ಮೀಟರು" ಅಂದರು ಡಾಕ್ಟರು. "ಕಾಲು ಬೆಚ್ಚಗಾದರೆ ಗೆದ್ದ ಹಾಗೆ. ಅಲ್ಲಿಯವರೆಗೆ ಯಾರೂ ಏನೂ ಹೇಳೋಕಾಗಲ್ಲ."

ಔಷಧ ತೂಕದ ಮೇಲೆ ಕೊಡಬೇಕು. ಹುಡುಗಿಯನ್ನು ಅಡ್ಡ ಮಲಗಿಸಿ ಎತ್ತಿಕೊಂಡು ನಾನು ತೂಕದ ಯಂತ್ರದ ಮೇಲೆ ನಿಂತೆ, ಆಮೇಲೆ ಒಬ್ಬಳೇ ನಿಂತೆ. ಸಿಸ್ಟರ್ ಕಳೆದು ಹೇಳಿದರು. ಅರ್ಧ ಗುಳಿಗೆ ಆಯಿತು. ಚಮಚೆಯಲ್ಲಿ ಪುಡಿ ಮಾಡಿ ಸಕ್ಕರೆ ನೀರಲ್ಲಿ ಕಲಸಿ ಬಾಯಿಗೆ ಹಾಕಿದೆವು. ಹಾಕಿದ ಕೂಡಲೇ ವಾಂತಿ ಮಾಡಿದಳು. ಟ್ರೇ ಹಿಡಿದವಳು ನಾನೇ. ಬಿಳಿ ಪುಡಿ ಹಾಗೇ ತೇಲುತ್ತಿತ್ತು. ಡಾಕ್ಟರು ಟ್ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಒಳಗೆ ಹೋದದ್ದು ಏನೂ ಇಲ್ಲ ಅನ್ನಿಸಿದ ಮೇಲೆ ಇನ್ನೊಂದು ಅರ್ಧ ಕೊಡಿಸಿದರು. ಈ ಸಲ ನಿಂತಿತು.

"ಇನ್ನು ಇವಳು ಮಲಗೇ ಇರಬೇಕು. ಕೂರಿಸಬಾರದು, ನಿಲ್ಲಿಸಬಾರದು. ಚಮಚೆಯಲ್ಲಿ ಸಕ್ಕರೆ ಉಪ್ಪಿನ ನೀರು ಕುಡಿಸುತ್ತಾ ಇರಿ. ಗೊತ್ತಾಯ್ತಾ ಅಜ್ಜಿ?"

ಮುದುಕಿ ತಲೆ ಅಲ್ಲಾಡಿಸಿದಳು. ಡಾಕ್ಟರು ಅತ್ತ ಹೋದ ಕೂಡಲೇ ನನ್ನ ಸೆರಗು ಹಿಡಿದಳು. "ತಂಗಿ, ಒಲಿ ಎಲ್ಲಿ ಅದ? ಒಂದ್ ಇಟ್ಟಂಗಿ ಕಾಸಿ ಕೊಡು. ಕಾಲಿಗಿ ಇಡ್ತೀನಿ."

ಕಾಸಿದ ಇಟ್ಟಿಗೆ ಇಡಬಹುದೇ ಎಂದು ಹೋಗಿ ಕೇಳಿದೆ. ಡಾಕ್ಟರು ಬೇಡ ಅಂದರು. ಹೊರಗಿನಿಂದ ಕಾಸಿದರೆ ಕಾಲು ಬೆಚ್ಚಗಾಗುತ್ತದೆ, ಒಳಗಿನದು ನಮಗೆ ತಿಳಿಯದೇ ಹೋಗುತ್ತದೆ. ಕಾಲು ತಾನಾಗಿ ಬೆಚ್ಚಗಾಗಬೇಕು.

"ತಣ್ಣಗಾದದ್ದು ಕಾಸಬಾರದಂತ" ಅಂದಳು ಮುದುಕಿ. "ಇದ್ಯಾವ ದವಾಖಾನಿನೋ ಯವ್ವಾ. ನಮ್ಮ ನಾಯಿಗಿ ಇದಕ್ಕಿಂತ ಛಲೋ ಇಲಾಜ ಮಾಡ್ತೀವಿ ನಾವು."

"ಹಂಗಾದ್ರ ನಾಯಿ ತರಬೇಕಿತ್ತು" ಅಂದೆ ನಾನು.

ಪಕ್ಕದ ಕೋಣೆಯಲ್ಲಿ ಹೆರಿಗೆಗೆ ಬಂದವಳು ಒಬ್ಬಳಿದ್ದಳು. ಡಾಕ್ಟರು ಅವಳನ್ನು ನೋಡಲು ಹೋದರು. ನಾನು ನೀರು ತರಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಮುದುಕಿ ಹುಡುಗಿಯನ್ನು ಎಬ್ಬಿಸಿ ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡಿದ್ದಳು. ಹುಡುಗಿಗೆ ಕಣ್ಣು ಮುಚ್ಚುತ್ತಿತ್ತಂತೆ, ವಿಷ ಏರುತ್ತದೆಂದು ಎಬ್ಬಿಸಿದಳಂತೆ. ನಾನು ಕೊಡ ಇಳಿಸುವುದರೊಳಗೆ ಹುಡುಗಿಯ ಕತ್ತು ಒಂದು ಕಡೆ ಬಿತ್ತು. ತುಟಿ ಬೂದಿ ಬಣ್ಣವಾಯಿತು.

ಸಿಸ್ಟರ್ ಓಡಿ ಬಂದು ಮುಂಗೈ ಹಿಡಿದರು. "ನಾಡಿ ಸಿಗವಲ್ದು" ಅಂದವರೇ ಔಷಧದ ಕಪಾಟು ತೆರೆದರು. ಬಿದ್ದವರನ್ನು ಎಬ್ಬಿಸುವ ಇಂಜೆಕ್ಷನ್ ಅಂತ ಒಂದಿರುತ್ತದೆ, ಅಡ್ರಿನಲಿನ್. ಎಲ್ಲ ದವಾಖಾನೆಗಳಲ್ಲೂ ಕೈಗೆ ಸಿಗುವ ಜಾಗದಲ್ಲಿ ಇಟ್ಟಿರುತ್ತಾರೆ. ಅದೇ ವರ್ಷ ಇಂಜೆಕ್ಷನ್ ಒಗ್ಗದೆ ಬಿದ್ದ ಒಬ್ಬ ಹೆಂಗಸನ್ನು ಅದರಿಂದಲೇ ಉಳಿಸಿದ್ದೆವು. ಸಿಸ್ಟರ್ ಗಾಜಿನ ಸೀಸೆಯ ಕತ್ತು ಮುರಿದು ಸೂಜಿಗೆ ಎಳೆದೂ ಆಗಿತ್ತು.

ಡಾಕ್ಟರು ಬಾಗಿಲಲ್ಲೇ ಕೂಗಿದರು. "ಸಿಸ್ಟರ್, ಅದು ಬೇಡ."

"ಹುಡುಗಿ ಹೋಗ್ತದ ಸಾಹೇಬ್ರ."

"ಆ ಔಷಧವೇ ಅವಳ ಮೈತುಂಬ ಇದೆ. ಅವಳ ಮೈಯೇ ಮಾಡಿ ಸುರಿದುಕೊಂಡಿದೆ. ಅದರ ಮೇಲೆ ಇದನ್ನೂ ಹಾಕಿದರೆ ಹೃದಯ ತಡೆಯಲ್ಲ. ಮಲಗಿಸಿ ಮೊದಲು."

ಮುದುಕಿಯ ತೋಳಿನಿಂದ ಹುಡುಗಿಯನ್ನು ಕಿತ್ತುಕೊಂಡು ಚಾಪೆಯ ಹಾಗೆ ಚಪ್ಪಟೆ ಮಲಗಿಸಿದೆ. ಡಾಕ್ಟರು ಮಂಚದ ಕಾಲ ಕಡೆ ಎತ್ತಿದರು, ನಾನು ಅದರ ಕೆಳಗೆ ಇಟ್ಟಂಗಿ ತಳ್ಳಿದೆ. ತಲೆ ತಗ್ಗಿಗೆ, ಕಾಲು ಎತ್ತರಕ್ಕೆ ಬಂತು. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ತಿರುಗಿತು. ಹುಡುಗಿ ಕಣ್ಣು ಬಿಟ್ಟು ಮಾಡಿನ ಕಡೆ ನೋಡಿದಳು. ಸಿಸ್ಟರ್ ಕೈಯಲ್ಲಿದ್ದ ಸೂಜಿಯನ್ನು ಟ್ರೇಗೆ ಖಾಲಿ ಮಾಡಿದರು. ಅವರನ್ನು ನಾನು ಬೈಯುವುದಿಲ್ಲ. ಬಿದ್ದವರಿಗೆ ಅದನ್ನು ಕೊಡಬೇಕೆಂದೇ ಅವರಿಗೆ ಕಲಿಸಿದ್ದರು.

ಮುದುಕಿ ಡಾಕ್ಟರ ಎದುರು ನಿಂತಳು. "ಬರೂವಾಗ ಎಚ್ಚರ ಇದ್ಲು. ನಿಮ್ಮ ಗುಳಿಗಿ ತಿಂದ್ಲು, ಬಿದ್ಲು. ಏನ್ ಹಾಕೀರಿ ನನ್ನ ಮೊಮ್ಮಗಳ ಬಾಯಾಗ? ಆಕಿ ಮೈಯಾಗ ಏನೋ ತುಂಬ್ಯಾದ ಅಂದ್ರಿ, ಅದೇನು?"

ಡಾಕ್ಟರು ಹೇಳದೇ ಇರಬಹುದಿತ್ತು. ಬೇರೆಯವರಾಗಿದ್ದರೆ ಹೊರಗೆ ನಡಿ ಅನ್ನುತ್ತಿದ್ದರು. ಇವರು ಸ್ಟೂಲು ಎಳೆದು ಹುಡುಗಿಯ ಕಾಲ ಹತ್ತಿರ ಕೂತರು, ಮುದುಕಿಗೂ ಕೂರಲು ಹೇಳಿದರು.

"ಅಜ್ಜಿ, ತೋಳ ಬಂದರೆ ನಿಮಗೆ ಏನಾಗುತ್ತೆ?"

"ತ್ವಾಳಕ್ಕ ಏನಾಗತದ ಕೇಳ್ರಿ" ಅಂದಳು ಮುದುಕಿ.

ಡಾಕ್ಟರು ನಗಲಿಲ್ಲ. "ಎದೆ ಹೊಡ್ಕೊಳ್ಳುತ್ತೆ, ಬೆವರು ಬರುತ್ತೆ, ಕೈಕಾಲು ತಣ್ಣಗಾಗುತ್ತೆ. ಅಲ್ವಾ? ಅದನ್ನ ಮಾಡೋದು ಮೈಯೊಳಗಿನ ಒಂದು ರಸ. ಮೂತ್ರಪಿಂಡದ ತಲೆ ಮೇಲೆ ಟೋಪಿ ಇಟ್ಟ ಹಾಗೆ ಒಂದು ಗ್ರಂಥಿ ಇದೆ, ನರಗಳ ತುದಿಯಲ್ಲೂ ಆ ಜಾತಿಯ ರಸ ಇರುತ್ತೆ. ನಾವು ತಿನ್ನೋ ಬೇಳೆ, ಹಾಲು, ಮಾಂಸದ ಸತ್ವದಿಂದಲೇ ಮೈ ಅದನ್ನ ಮಾಡಿಕೊಳ್ಳುತ್ತೆ. ಹಾಲು ಮೊಸರಾಗುತ್ತೆ, ಮೊಸರಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ. ಹಾಗೆ ಒಂದರಿಂದ ಒಂದು. ಒಂದೊಂದಕ್ಕೂ ಒಂದೊಂದು ಕೆಲಸ. ಮಾಡಿ ಗೇಟು ಹಾಕಿ ಇಟ್ಟುಕೊಂಡಿರುತ್ತೆ, ನಿಮ್ಮ ಕೆನಾಲಿನ ಹಾಗೆ. ಹೆದರಿಕೆ ಆದಾಗ ಗೇಟು ಒಂದು ಗೇಣು ತೆರೆಯುತ್ತೆ. ಹೆದರಿಕೆ ಹೋದ ಮೇಲೆ ಮುಚ್ಚುತ್ತೆ. ಹೊರಗೆ ಬಂದಿದ್ದನ್ನ ನರವೇ ಹಿಂದಕ್ಕೆ ಹೀರಿಕೊಳ್ಳುತ್ತೆ, ಮಿಕ್ಕಿದ್ದನ್ನ ಮೈ ಮುರಿದು ಉಚ್ಚೆಯಲ್ಲಿ ಹೊರಗೆ ಹಾಕುತ್ತೆ. ಕೆಂಚೇಳಿನ ವಿಷ ಆ ಗೇಟುಗಳನ್ನ ತೆರೆದು ಮುಚ್ಚದ ಹಾಗೆ ಮಾಡಿಬಿಟ್ಟಿದೆ."

"ನಮ್ಮೂರ ಮಂದಿ ಹಂಗ ಅದು" ಅಂದಳು ಮುದುಕಿ. "ಗೇಟ್ ತೆಗ್ಯಾಕ ಎಲ್ಲಾರೂ ಹೋಗ್ತಾರ. ಮುಚ್ಚವ ಒಬ್ಬನೂ ಇಲ್ಲ. ಮತ್ತ ನಿಮ್ಮ ಗುಳಿಗಿ ಹೋಗಿ ಮುಚ್ಚತದೇನು?"

"ಮುಚ್ಚಲ್ಲ. ಆ ರಸ ರಕ್ತನಾಳಗಳನ್ನ ಹಿಂಡಿ ಹಿಡಿದಿದೆ. ಅದಕ್ಕೇ ಕಾಲು ತಣ್ಣಗೆ. ಹೃದಯ ಹಿಂಡಿದ ನಾಳಕ್ಕೆ ಎದುರಾಗಿ ತಳ್ಳಿ ತಳ್ಳಿ ಸೋತರೆ ನೀರು ಹಿಂದಕ್ಕೆ ನಿಂತು ಶ್ವಾಸಕೋಶಕ್ಕೆ ಸೇರುತ್ತೆ. ನೊರೆ ಬರೋದು ಅದೇ. ಗುಳಿಗೆ ಆ ಹಿಡಿತವನ್ನ ಸಡಿಲ ಮಾಡುತ್ತೆ. ಸಡಿಲ ಆದಾಗ ಕೂರಿಸಿದರೆ ರಕ್ತ ಎಲ್ಲ ಕೆಳಗೆ ಇಳಿದುಬಿಡುತ್ತೆ, ತಲೆಗೆ ಸಿಗಲ್ಲ. ಈಗ ಆಗಿದ್ದು ಅದು."

ಮುದುಕಿ ಹುಡುಗಿಯ ತಲೆಯ ಕಡೆ ನೋಡಿದಳು. "ಹಂಗಂದ್ರ ಕೂಡಿಸಿದ್ರ ತಲಿ ಕೆನಾಲಿನ ಕೊನೀ ಹೊಲ ಆಗತದ. ನೀರ ಮುಟ್ಟಂಗಿಲ್ಲ."

"ಹೌದು" ಅಂದರು ಡಾಕ್ಟರು.

ನಾನು ಅಷ್ಟು ವರ್ಷ ಹೆದರಿಕೆ ಎದೆಯಲ್ಲಿರುತ್ತದೆ ಅಂದುಕೊಂಡಿದ್ದೆ. ಅದು ಸೊಂಟದ ಹಿಂದೆ ಟೋಪಿ ಹಾಕಿಕೊಂಡು ಕೂತಿದೆ ಅಂತ ಅವತ್ತು ತಿಳಿಯಿತು. ತೋಳ ಬಂದಾಗ ಓಡಿಸಿ ಕಾಪಾಡುವುದೂ ಅದೇ, ತೋಳ ಇಲ್ಲದೆ ಸುಮ್ಮನೆ ತೆರೆದುಕೊಂಡರೆ ಕೊಲ್ಲುವುದೂ ಅದೇ. ಇದರಲ್ಲಿ ದೊಡ್ಡ ಜ್ಞಾನ ಏನಿಲ್ಲ. ಉಪ್ಪೂ ಹಾಗೇ ಅಲ್ಲವೇ.

ಮುದುಕಿಗೆ ತಿಳಿಯಿತು ಅಂದರೆ ಕೆಲಸ ಆಯಿತು ಅಂತಲ್ಲ. ಹೊರಗೆ ಅವಳ ಮಗ ಇದ್ದ. ಹುಡುಗಿ ಬಿದ್ದದ್ದನ್ನು ಕಿಟಕಿಯಿಂದ ನೋಡಿ ಅವನಿಗೆ ಗಾಬರಿ ಹತ್ತಿತ್ತು. ರಂಗಂಪೇಟೆ ಹತ್ತಿರ ಚೇಳು ಇಳಿಸುವ ಮಂತ್ರದವನೊಬ್ಬ ಇದ್ದಾನೆಂದು ಟ್ರ್ಯಾಕ್ಟರಿನವನು ಹೇಳಿದ್ದ. ಅಪ್ಪ ಒಳಗೆ ಬಂದು ಮಂಚದ ಹತ್ತಿರ ನಿಂತ.

"ಯವ್ವಾ, ಎತ್ತು. ಹೋಗಮು. ಇಲ್ಲಿ ಕೊಲ್ಲತಾರ."

ಆ ಮಾತಿಗೆ ಸರಿಯಾಗಿ ಹುಡುಗಿ ಕೆಮ್ಮಿದಳು. ಸಣ್ಣ ಕೆಮ್ಮು. ಒಣ ಕೆಮ್ಮು. ಡಾಕ್ಟರು, ಸಿಸ್ಟರ್, ನಾನು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಲ್ಲು ಒಡೆಯುವವನಿಗೂ ಹೀಗೇ ಶುರುವಾಗಿತ್ತು.

ಡಾಕ್ಟರು ಹುಡುಗಿಯನ್ನು ಸ್ವಲ್ಪ ಮಗ್ಗಲಿಗೆ ತಿರುಗಿಸಿ ಬೆನ್ನಿನ ಕೆಳಗಡೆ ಕೇಳಿದರು. "ಒಂದೆರಡು ಕಡೆ ಗುಳುಗುಳು ಇದೆ" ಅಂದರು. ಆಮೇಲೆ ಅಪ್ಪನಿಗೂ ಮುದುಕಿಗೂ ಮುಚ್ಚಿಡದೆ ಹೇಳಿದರು. "ಇನ್ನೊಂದು ಸಲ ಗುಳಿಗೆ ಕೊಡೋ ಹೊತ್ತು ಬಂದಿದೆ. ಕೊಟ್ಟರೆ ಮತ್ತೆ ರಕ್ತ ಇಳಿದು ಬೀಳಬಹುದು. ಕೊಡದಿದ್ದರೆ ನೀರು ಎದೆಗೆ ಏರಬಹುದು. ನಾನಾದರೆ ಕೊಡ್ತೀನಿ. ದೊಡ್ಡ ಆಸ್ಪತ್ರೆಗೆ ಕಳಿಸೋಣ ಅಂದರೆ ಯಾದಗಿರಿ ದೂರ, ರಸ್ತೆ ಎಲ್ಲ ಅಗೆದಿದ್ದಾರೆ, ಟ್ರೇಲರಿನಲ್ಲಿ ಮಲಗಿಸಿ ಒಯ್ಯೋಕಾಗಲ್ಲ. ಕರ್ಕೊಂಡು ಹೋಗ್ತೀವಿ ಅಂದರೆ ನಾನು ಹಿಡಿಯೋಕಾಗಲ್ಲ."

ಅಪ್ಪ ಹುಡುಗಿಯ ತೋಳಿನಡಿ ಕೈ ಹಾಕಿದ. ಮುದುಕಿ ಅವನ ಕೈ ತಡೆಯಲಿಲ್ಲ. ಆದರೆ ಎತ್ತಲೂ ಇಲ್ಲ. ಅವಳು ಬಗ್ಗಿ ಹುಡುಗಿಯ ಬಾಯಲ್ಲಿ ತನ್ನ ತೋರುಬೆರಳು ಇಟ್ಟಳು.

"ಏನ್ ಮಾಡಾಕತ್ತಿ?" ಅಂದೆ. ವಾಂತಿ ಮಾಡಿಸುತ್ತಾಳೇನೋ ಅಂತ ನನಗೆ ದಿಗಿಲು.

"ಬಾಯಿ ನೋಡಾಕತ್ತೇನಿ. ಚಳಿಗಾಲದಾಗ ಮರಿ ಹಾಕ್ತಾವಲ್ಲ, ಹುಟ್ಟಿದ ಮರಿ ಬಾಯಾಗ ಹಿಂಗ ಬಟ್ಟ ಇಟ್ಟ ನೋಡ್ತೀವಿ. ಬಾಯಿ ತಣ್ಣಗಿದ್ರ ಮರಿ ನಿಂದ್ರಂಗಿಲ್ಲ. ಬಾಯಿ ಬೆಚ್ಚಗಿದ್ದು ಕಾಲಷ್ಟ ತಣ್ಣಗಿದ್ರ ಉಳೀತದ."

"ಈಕಿದು?"

"ಬಾಯಿ ಬೆಚ್ಚಗ ಅದ." ಬೆರಳು ತೆಗೆದು ಅವಳು ಕೈಯ ಹಿಂಬದಿಯಿಂದ ಹುಡುಗಿಯ ಕಾಲನ್ನು ತೊಡೆಯಿಂದ ಕೆಳಗೆ ಸವರಿಕೊಂಡು ಬಂದಳು. ಮೊಣಕಾಲು ದಾಟಿದಳು. ಮೀನಖಂಡದ ನಡುವೆ, ತಣ್ಣಗೆ ತಗುಲಿದ ಕಡೆ, ಕೈ ನಿಂತಿತು. ಮತ್ತೆ ಮೇಲಿನಿಂದ ಸವರಿದಳು, ಮತ್ತೆ ಅಲ್ಲೇ ನಿಂತಿತು.

"ಮುಂಜಾನಿ ಮೊಣಕಾಲ ತನಕ ತಣ್ಣಗಿತ್ತು" ಅಂದೆ ನಾನು.

"ನನಗ ಗೊತ್ತದ. ನಾನ ಹಿಡಕೊಂಡ ಬಂದೀನಿ" ಅಂದಳು. ದನಿ ಬೇರೆಯಾಗಿತ್ತು.

ನಾನು ನಯವಾಗಿ ಮಾತಾಡುವವಳಲ್ಲ. ಕೇಳಿಬಿಟ್ಟೆ. "ತಣ್ಣಗಾದ ಮರಿನ ನೀವೇನ್ ಎಬ್ಬಿಸಿ ನಿಂದ್ರಿಸಿ ಕೆನ್ನಿಗಿ ಹೊಡೀತೀರೇನು?"

"ಯಾರರೆ ಹಂಗ ಮಾಡ್ತಾರೇನ. ಮಲಗಿಸಿ ಕಂಬಳಿ ಹೊಚ್ಚತೀವಿ. ಬೆರಳಿಲೆ ಹಾಲ ನೆಕ್ಕಸ್ತೀವಿ."

"ಕುರಿ ಮರಿಗಿ ಇರೂ ಬುದ್ಧಿ ಮೊಮ್ಮಗಳಿಗಿ ಯಾಕ ಇಲ್ಲ?"

ಅಪ್ಪ ನನ್ನನ್ನು ಹೊಡೆಯುತ್ತಾನೇನೋ ಅನ್ನುವ ಹಾಗೆ ನೋಡಿದ. ಮುದುಕಿ ಅವನ ಕೈಯನ್ನು ಹುಡುಗಿಯ ತೋಳಿನಿಂದ ಬಿಡಿಸಿದಳು. "ಸರಿ ಆ ಕಡಿಗಿ. ಹೊರಗ ಹೋಗಿ ಕುಂದ್ರು. ಕುರಿ ನೋಡಾಕ ಯಾರ್ ಅದಾರ ಅಲ್ಲಿ, ಅದರ ಫಿಕರ್ ಮಾಡು." ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಕೊಡ್ರಿ ಗುಳಿಗಿ. ಆದ್ರ ಕಾಲು ನಾನ ನೋಡ್ತೀನಿ. ಥಂಡಿ ಮ್ಯಾಲ ಹತ್ತಾಕತ್ತದ ಅಂತ ನಾ ಅಂದ್ರ ಆಮ್ಯಾಲ ನಿಮ್ಮ ಮಾತ ಕೇಳಂಗಿಲ್ಲ."

"ಆಗಲಿ" ಅಂದರು ಡಾಕ್ಟರು.

ಎರಡನೇ ಸಲ ಸಿಸ್ಟರ್ ಅರೆದರು, ನಾನು ಕುಡಿಸಿದೆ. ತಲೆ ಎತ್ತದ ಹಾಗೆ, ಕೆನ್ನೆಯ ಒಳಗೆ ಚೂರು ಚೂರೇ. ಮಂಚದ ಕಾಲ ಕಡೆಯ ಇಟ್ಟಂಗಿ ಇಳಿಸಿದರು. ಕೆಮ್ಮು ಇದೆ, ತಲೆ ತಗ್ಗಿಗೆ ಇಟ್ಟರೆ ಎದೆಗೆ ಭಾರ ಅಂದರು ಡಾಕ್ಟರು. ಚಪ್ಪಟೆ ಮಲಗಿದ್ದರೆ ಸಾಕು. ಬೇರೆ ರೋಗಿಗಳೆಲ್ಲ ಹೋದ ಮೇಲೆ ಅವರು ತಮ್ಮ ಕುರ್ಚಿಯನ್ನೇ ಒಳಗೆ ತರಿಸಿಕೊಂಡು ಕೂತರು. ಪಕ್ಕದ ಕೋಣೆಯ ಹೆಂಗಸು ನರಳಿದಾಗ ಎದ್ದು ಹೋಗುವುದು, ಬರುವುದು, ಹುಡುಗಿಯ ಬೆನ್ನಿಗೆ ಕಿವಿ ಕೊಳವೆ ಇಡುವುದು.

ಮುದುಕಿ ಮಂಚದ ತುದಿಯಲ್ಲಿ ನೆಲಕ್ಕೆ ಕೂತಳು. ಕಾಲನ್ನು ಹಿಡಿದುಕೊಂಡು ಕೂರಲು ಅವಳಿಗೆ ಆಸೆ, ಆದರೆ ಹಿಡಿದರೆ ತನ್ನ ಕೈಯ ಬಿಸಿ ಹತ್ತುತ್ತದೆ, ಅದು ಕಾಸಿದ ಹಾಗೇ ಆಗುತ್ತದೆ ಅಂತ ಅವಳೇ ಹೇಳಿಕೊಂಡಳು. ಆಗಾಗ ಒಮ್ಮೆ ಕೈಯ ಹಿಂಬದಿ ತಾಗಿಸಿ ತೆಗೆಯುತ್ತಿದ್ದಳು. ಎರಡು ಕಾಲೂ ನೋಡುತ್ತಿದ್ದಳು, ಒಂದನ್ನೇ ನಂಬುತ್ತಿರಲಿಲ್ಲ. ಕಂಬಳಿಯನ್ನು ಎದೆಗೆ ಮಾತ್ರ ಹೊದಿಸಿದಳು.

ನಡುವೆ ಒಮ್ಮೆ ಕೆಮ್ಮು ಜೋರಾಯಿತು. ಡಾಕ್ಟರು ಬಿಳಿ ಬಟ್ಟೆ ತುಂಡಿನಿಂದ ಹುಡುಗಿಯ ಬಾಯಿ ಒರೆಸಿ ನೋಡಿದರು. ಬರೀ ಜೊಲ್ಲು. ಬಟ್ಟೆಯನ್ನು ಮಡಿಸಿ ಮತ್ತೆ ಬಿಚ್ಚಿ ನೋಡಿದರು. ಹಾಗೇ ಮಡಿಸಿ ಜೇಬಿಗೆ ಹಾಕಿಕೊಂಡರು. ಅವರಿಗೂ ಹೆದರಿಕೆ ಇತ್ತು. ಅವರ ಕೈ ಮುಟ್ಟಿದ್ದರೆ ತಣ್ಣಗಿರುತ್ತಿತ್ತು.

"ಬಿಸಿ ಹಿಮ್ಮಡದ ಮ್ಯಾಲ ತನಕ ಬಂತು" ಅಂದಳು ಮುದುಕಿ.

ಡಾಕ್ಟರು ಬಂದು ಮುಟ್ಟಿ ನೋಡಿದರು. "ಹೌದು."

"ನಾ ಹೇಳೀನಿ ಅಂದ್ಮ್ಯಾಲ ಮತ್ತ ಯಾಕ ನೋಡ್ತೀರಿ?"

"ನಾನೂ ಕಲಿಬೇಕಲ್ಲ ಅಜ್ಜಿ."

"ಕಲೀರಿ, ಕಲೀರಿ. ಕುರಿ ಕಾಯಾಕ ಬರ್ತೀರೇನ್ ಮತ್ತ?"

ಸಿಸ್ಟರ್ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಆ ದಿನ ದವಾಖಾನೆಯಲ್ಲಿ ಮೊದಲು ನಕ್ಕದ್ದು ಅದು. ಅಷ್ಟರಲ್ಲಿ ಬೆವರು ನಿಂತಿತ್ತು, ಹುಡುಗಿಯ ಲಂಗ ಮೈಮೇಲೆ ಒಣಗಿತ್ತು. ಅವಳು ಉಚ್ಚೆ ಬಂತು ಅಂದಳು. ಮಾತಾಡಿದ್ದೇ ಆಗ. ಎಬ್ಬಿಸದೆ ಮಲಗಿದ್ದಲ್ಲೇ ಟ್ರೇ ಇಟ್ಟೆ. ಡಾಕ್ಟರು ಖುಷಿಯಾಗಿ ಟ್ರೇ ನೋಡಿದರು. ಒಂದು ಮಗುವಿನ ಉಚ್ಚೆ ನೋಡಿ ಓದಿದವರು ಅಷ್ಟು ಖುಷಿಪಟ್ಟದ್ದನ್ನು ನಾನು ಮುಂದೆ ಎಲ್ಲೂ ನೋಡಲಿಲ್ಲ.

ಕಾಲ್ಬೆರಳುಗಳು ಕೊನೆಗೆ ಬೆಚ್ಚಗಾದವು. ಹೆಬ್ಬೆರಳು ಮೊದಲು, ಆಮೇಲೆ ಉಳಿದವು. ಎಡಗಾಲಿನ ಕಿರುಬೆರಳು ಬಹಳ ಹೊತ್ತು ತಣ್ಣಗೇ ಇತ್ತು. ಮುದುಕಿ ಅದೊಂದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಹೊರಗೆ ಬಿಸಿಲು ಇಳಿದಿತ್ತು, ಬೋನಾಳ ಕೆರೆಯ ಕಡೆ ಹೋಗುವ ಹಕ್ಕಿಗಳು ಸಾಲಾಗಿ ಹೋಗುತ್ತಿದ್ದವು.

ಹುಡುಗಿ ಒಮ್ಮೆಲೇ ಕಿರುಚಿದಳು.

ಮುದುಕಿ ಗಡಬಡಿಸಿ ಎದ್ದಳು. ಅಪ್ಪ ಬಾಗಿಲಿಗೆ ಓಡಿ ಬಂದ. ಹುಡುಗಿ ಬಲಗೈಯನ್ನು ಮೇಲೆ ಎತ್ತಿ ಹಿಡಿದು ಅಳುತ್ತಿದ್ದಳು. ಚೇಳು ಕಡಿದ ಬೆರಳು. "ಉರೀತದ ಆಯೀ, ಬೆಂಕಿ ಹಚ್ಯಾರ, ಊದು" ಅಂತ ಅಜ್ಜಿಯನ್ನು ಕರೆಯುತ್ತಿದ್ದಳು. ಇಡೀ ದಿನ ಒಂದೇ ಮಾತಾಡಿದವಳ ಗಂಟಲು ಅಷ್ಟು ದೊಡ್ಡದು ಅಂತ ಯಾರಿಗೆ ಗೊತ್ತು.

"ವಿಷ ಏರಿತೇನ್ರಿ?" ಅಂದಳು ಮುದುಕಿ. ಅವಳ ಮುಖದಲ್ಲಿ ರಕ್ತ ಇರಲಿಲ್ಲ.

ಡಾಕ್ಟರು ಹುಡುಗಿಯ ಎಡಗಾಲಿನ ಕಿರುಬೆರಳು ಹಿಡಿದು ನೋಡಿದರು. ನನಗೂ ಹಿಡಿದು ನೋಡು ಅಂದರು. ಬೆಚ್ಚಗಿತ್ತು. ಬೆನ್ನಿಗೆ ಕೊಳವೆ ಇಟ್ಟು ಎರಡೂ ಕಡೆ ಕೇಳಿದರು, ಅಳುವಿನ ನಡುವೆ ಅದೇನು ಕೇಳಿಸಿತೋ. ಕೊಳವೆ ಕಿವಿಯಿಂದ ತೆಗೆದರು.

"ಇಳೀತು ಅಜ್ಜಿ. ಮೈಯೆಲ್ಲ ಗದ್ದಲ ಇದ್ದಾಗ ಬೆರಳಿನ ನೋವು ಅವಳಿಗೆ ಗೊತ್ತೇ ಆಗಿರಲಿಲ್ಲ. ಆ ಗದ್ದಲ ನಿಂತಿತು, ಈಗ ಗೊತ್ತಾಗ್ತಿದೆ. ಇದು ಬರೀ ನೋವು. ನೋವಿಂದ ಯಾರೂ ಸಾಯಲ್ಲ." ಸಿಸ್ಟರಿಗೆ ಬೆರಳು ಜೋಮು ಹಿಡಿಸುವ ಇಂಜೆಕ್ಷನ್ ತುಂಬಲು ಹೇಳಿದರು. "ಎರಡು ನಿಮಿಷದಲ್ಲಿ ಉರಿ ನಿಲ್ಲುತ್ತೆ."

ಸಿಸ್ಟರ್ ಸೂಜಿ ತಂದರು. ಡಾಕ್ಟರು ಹುಡುಗಿಯ ಕೈ ಹಿಡಿದರು. ಹುಡುಗಿ ಇನ್ನೂ ಜೋರಾಗಿ, ಬೀದಿಯವರೆಗೆ ಕೇಳುವ ಹಾಗೆ ಅತ್ತಳು.

ಮುದುಕಿ ಡಾಕ್ಟರ ತೋಳು ಮುಟ್ಟಿದಳು.

"ಜರಾ ತಡೀರಿ ಸಾಹೇಬ್ರ" ಅಂದಳು. "ಇನ್ನೊಂದೀಟು ಅಳಲಿ. ಕೇಳ್ತೀನಿ."